ಅರಬ್ ತೀರಕ್ಕೆ ಯಾವ ತಿಂಗಳು ಒಳ್ಳೆಯದು? – ಒಂದು ಹಂಗಾಮಿನ ಲೆಕ್ಕ

ನಮ್ಮ ಕಾಲೇಜಿನಲ್ಲಿ ದುಬೈ, ಶಾರ್ಜಾ, ಜೆದ್ದಾ, ದಮ್ಮಾಮ್ ಎಂಬ ಹೆಸರುಗಳನ್ನು ಕೇಳದ ವಿದ್ಯಾರ್ಥಿ ಇರಲಿಕ್ಕಿಲ್ಲ. ಯಾರದೋ ಅಣ್ಣ ಅಲ್ಲಿ ಡ್ರೈವರ್, ಯಾರದೋ ಮಾಮು ಅಲ್ಲಿ ಅಕೌಂಟೆಂಟ್. ನನ್ನ ಅಬ್ಬಾ ಶಾರ್ಜಾದಲ್ಲಿದ್ದು ಎಸಿ ಮೆಕ್ಯಾನಿಕ್ ಕೆಲಸ ಮಾಡುತ್ತಾರೆ. ಕೆಲಸದ ಜಾಗ ಹೆಚ್ಚಾಗಿ ದುಬೈ. ಅವರು ಊರಿಗೆ ಬಂದು ಮೂರು ವರ್ಷವಾಯಿತು. ಈ ಜೂನ್‌ನಲ್ಲಿ ಮನೆಯಲ್ಲಿ ಒಂದು ಮಾತು ಶುರುವಾಯಿತು: ಅವರು ಬರುವ ಬದಲು ಈ ಸಲ ನಾವೇ ಹೋದರೆ ಹೇಗೆ? ದಾದಿಮಾ, ಅಮ್ಮಿ, ನಾನು, ತಮ್ಮ, ಹೀಗೆ ನಾಲ್ಕು ಟಿಕೆಟ್. ಅಮ್ಮಿ ಚೀಟಿ ಕಟ್ಟಿ ಕೂಡಿಸಿದ ಹಣ ಒಂದೇ ಒಂದು ಪ್ರಯಾಣಕ್ಕೆ ಸಾಕು. ಆದ್ದರಿಂದ "ಯಾವಾಗ ಹೋಗಬೇಕು" ಎಂಬುದನ್ನು ಸರಿಯಾಗಿ ತೀರ್ಮಾನಿಸಲೇಬೇಕಿತ್ತು.

ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆ ನಮ್ಮ ಅರ್ಥಶಾಸ್ತ್ರದ ಪಠ್ಯದಿಂದಲೇ ಎದ್ದು ಬಂದಂತೆ ಕಂಡಿತು. ಬೇಡಿಕೆ, ಪೂರೈಕೆ, ಅವಕಾಶ ವೆಚ್ಚ, ವಿನಿಮಯ ದರ ಎಲ್ಲವೂ ಇದರಲ್ಲಿವೆ. ಅದಕ್ಕೇ ಇದನ್ನೊಂದು ಪಾಠದ ಹಾಗೆ ಬರೆಯುತ್ತಿದ್ದೇನೆ. ಕೊಲ್ಲಿಗೆ ಹೋಗುವ ಯೋಚನೆ ಇಲ್ಲದವರೂ ಓದಬಹುದು. ಮಾವಿನಹಣ್ಣು ಕೊಳ್ಳುವವರಿಗೂ ಇದೇ ಲೆಕ್ಕ ಸಲ್ಲುತ್ತದೆ.

ಪದದಿಂದಲೇ ಶುರು ಮಾಡೋಣ

ನಾವು ಭೂಗೋಳದಲ್ಲಿ ಓದುವ "ಮಾನ್ಸೂನ್" ಎಂಬ ಪದದ ಮೂಲ ಅರಬ್ಬಿಯ "ಮೌಸಿಮ್". ಅದರ ಅರ್ಥ ಋತು, ಅಂದರೆ ಒಂದು ಕೆಲಸಕ್ಕೆ ಗೊತ್ತಾದ ಕಾಲ. ನಮ್ಮ ಮನೆಯ ಉರ್ದುವಿನಲ್ಲಿ ಅದೇ "ಮೌಸಮ್". ಕನ್ನಡದಲ್ಲಿ ರೈತರು ಹೇಳುವ "ಹಂಗಾಮು" ಕೂಡ ಪಾರ್ಸಿಯಿಂದ ಬಂದದ್ದು. ಅದರ ಅರ್ಥವೂ ಕಾಲ, ಸಮಯ. ಹಡಗಿನವರ ಮೌಸಿಮ್ ಆಗಲಿ, ರೈತರ ಹಂಗಾಮು ಆಗಲಿ, ಬರೀ ಬಿಸಿಲು ಮಳೆಯ ಮಾತಲ್ಲ. ಯಾವ ಕೆಲಸಕ್ಕೆ ಯಾವ ಕಾಲ ಎಂಬ ಲೆಕ್ಕವೂ ಅದರಲ್ಲಿ ಸೇರಿದೆ.

ಕರ್ನಾಟಕದ ಕರಾವಳಿಯವರಿಗೆ ಈ ಲೆಕ್ಕ ಬಹಳ ಹಳೆಯದು. ಮಂಗಳೂರು, ಭಟ್ಕಳ, ಹೊನ್ನಾವರದ ಬಂದರುಗಳಿಂದ ಅರಬ್ ತೀರಕ್ಕೆ ಹಾಯಿ ಹಡಗುಗಳು ಹೋಗುತ್ತಿದ್ದವು. ನವೆಂಬರ್‌ನಿಂದ ಮಾರ್ಚ್‌ವರೆಗೆ ಗಾಳಿ ಈಶಾನ್ಯದಿಂದ ಬೀಸುತ್ತದೆ, ಆಗ ಇಲ್ಲಿಂದ ಅಲ್ಲಿಗೆ ಹೋಗುವುದು ಸುಲಭ. ಆಮೇಲೆ ಗಾಳಿ ನೈರುತ್ಯಕ್ಕೆ ತಿರುಗುತ್ತದೆ, ಆಗ ಅಲ್ಲಿಂದ ಇಲ್ಲಿಗೆ ಬರಬಹುದು. ಆದರೆ ಜೂನ್, ಜುಲೈನ ಬಿರುಮಳೆಯಲ್ಲಿ ನಮ್ಮ ಪಶ್ಚಿಮ ಕರಾವಳಿಯ ಹತ್ತಿರ ಹಡಗು ತರುವುದು ಅಪಾಯ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿ ಏಡನ್ ಬಂದರಿನ ಜತೆ ವ್ಯಾಪಾರ ಮಾಡಿದ್ದು ಈ ಗಾಳಿಯ ಕ್ಯಾಲೆಂಡರ್ ನೋಡಿಕೊಂಡೇ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬಿ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದದ್ದೂ ಹಾಗೆಯೇ. ಈಗ ಬೆಂಗಳೂರಿನಿಂದ ದುಬೈಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ ಸಾಕು. ಗಾಳಿಗೆ ಕಾಯಬೇಕಾಗಿಲ್ಲ. ಆದರೂ ಮೌಸಿಮ್ ಹೋಗಿಲ್ಲ. ಗಾಳಿಯ ಜಾಗದಲ್ಲಿ ಈಗ ಸೆಕೆ, ಟಿಕೆಟ್ ದರ ಮತ್ತು ರಜೆ ಬಂದು ಕುಳಿತಿವೆ.

ತೀರದ ಹವೆ: ಥರ್ಮಾಮೀಟರ್ ಹೇಳುವುದು, ಹೇಳದಿರುವುದು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ದುಬೈ, ಶಾರ್ಜಾ ಸಮುದ್ರದ ಅಂಚಿನಲ್ಲೇ ಇವೆ. ನಮ್ಮ ಊರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಅಲ್ಲಿ ಸುಮಾರು 100 ಮಿ.ಮೀ., ಅದೂ ಹೆಚ್ಚಾಗಿ ಡಿಸೆಂಬರ್‌ನಿಂದ ಮಾರ್ಚ್ ಒಳಗೆ. ಆ ಪ್ರದೇಶ ಕರ್ಕಾಟಕ ಸಂಕ್ರಾಂತಿ ವೃತ್ತದ ಹತ್ತಿರವಿದೆ. ಸಮಭಾಜಕ ವೃತ್ತದ ಬಳಿ ಮೇಲೇರಿದ ಗಾಳಿ ಮಳೆ ಸುರಿಸಿ, ಒಣಗಿ, ಈ ಅಕ್ಷಾಂಶಗಳಲ್ಲಿ ಕೆಳಗಿಳಿಯುತ್ತದೆ. ಕೆಳಗಿಳಿಯುವ ಗಾಳಿ ಬಿಸಿಯಾಗುತ್ತದೆ, ಮೋಡ ಕಟ್ಟುವುದಿಲ್ಲ. ಅದಕ್ಕೇ ವರ್ಷವಿಡೀ ಬಿಸಿಲು.

ಮರಳುಗಾಡೆಂದರೆ ಒಣ ಸೆಕೆ ಎಂದು ನಾವು ಅಂದುಕೊಳ್ಳುತ್ತೇವೆ. ಮರಳುಗಾಡಿನ ಒಳನಾಡಿಗೆ ಇದು ನಿಜ, ತೀರಕ್ಕೆ ಅಲ್ಲ. ಆ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಅಷ್ಟೆ. ಅಗಲವಾದ ತಟ್ಟೆಯಲ್ಲಿಟ್ಟ ನೀರಿನಂತೆ ಅದು ಬೇಗ ಕಾಯುತ್ತದೆ. ಆಗಸ್ಟ್‌ನಲ್ಲಿ ಸಮುದ್ರದ ನೀರೇ ಸುಮಾರು 32–33 ಡಿಗ್ರಿ. ಅದರಿಂದ ಏಳುವ ಆವಿಯನ್ನು ಕಡಲ ಗಾಳಿ ಊರಿನೊಳಗೆ ತರುತ್ತದೆ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದಿಲ್ಲ. ಅಬ್ಬಾ ಫೋನಿನಲ್ಲಿ ಹೇಳುತ್ತಿರುತ್ತಾರೆ, ಆಗಸ್ಟ್‌ನಲ್ಲಿ ರಾತ್ರಿ ಹತ್ತು ಗಂಟೆಗೆ ಹೊರಗೆ ಬಂದರೂ ಕನ್ನಡಕದ ಗಾಜು ಮಂಜಾಗುತ್ತದೆ ಎಂದು. ಹಾಗಾಗಿ ಬರೀ ಉಷ್ಣಾಂಶ ನೋಡಿ ತೀರ್ಮಾನಿಸಬಾರದು. ತೇವಾಂಶ ಮತ್ತು ರಾತ್ರಿಯ ಉಷ್ಣಾಂಶ ಎರಡನ್ನೂ ನೋಡಬೇಕು.

ದುಬೈಯ ತಿಂಗಳವಾರು ಹವೆ ಸುಮಾರಾಗಿ ಹೀಗಿರುತ್ತದೆ (ಹಗಲಿನ ಸರಾಸರಿ ಗರಿಷ್ಠ ಉಷ್ಣಾಂಶ):

ಡಿಸೆಂಬರ್–ಫೆಬ್ರುವರಿ: 24ರಿಂದ 26 ಡಿಗ್ರಿ. ನಮ್ಮ ಬೆಂಗಳೂರಿನ ಜನವರಿಯಂತೆಯೇ. ರಾತ್ರಿ ಸ್ವೆಟರ್ ಬೇಕಾಗಬಹುದು. ಕೆಲವು ಬೆಳಗ್ಗೆ ದಟ್ಟ ಮಂಜು, ಆಗೊಮ್ಮೆ ಈಗೊಮ್ಮೆ ಮಳೆ. ಸಮುದ್ರದ ನೀರು ಸ್ವಲ್ಪ ತಣ್ಣಗಿರುತ್ತದೆ.

ಮಾರ್ಚ್: ಸುಮಾರು 28 ಡಿಗ್ರಿ. ತಿಂಗಳ ಕೊನೆಗೆ 30 ಮುಟ್ಟುತ್ತದೆ. ರಾತ್ರಿ ಹಿತ.

ಏಪ್ರಿಲ್: ಸುಮಾರು 33 ಡಿಗ್ರಿ. ಬೆಂಗಳೂರಿನ ಏಪ್ರಿಲ್‌ಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಮೇ: 37–38 ಡಿಗ್ರಿ. ಹಗಲು ಹೊರಗೆ ನಡೆದಾಡುವುದು ಕಷ್ಟ.

ಜೂನ್–ಸೆಪ್ಟೆಂಬರ್: 39ರಿಂದ 41 ಡಿಗ್ರಿ, ಕೆಲವು ದಿನ ಇನ್ನೂ ಹೆಚ್ಚು. ರಾತ್ರಿಯೂ 30ರ ಆಸುಪಾಸು.

ಅಕ್ಟೋಬರ್: 35 ಡಿಗ್ರಿ. ಮೊದಲ ವಾರಗಳಲ್ಲಿ ಸೆಕೆ ಉಳಿದಿರುತ್ತದೆ.

ನವೆಂಬರ್: 30–31 ಡಿಗ್ರಿ. ನೀರು ಇನ್ನೂ ಬೆಚ್ಚಗೆ, ಗಾಳಿ ತಂಪು.

ಒಂದು ಹೋಲಿಕೆ ಕೊಡುತ್ತೇನೆ. ಬೆಂಗಳೂರು ನಗರದಲ್ಲಿ ದಾಖಲಾದ ಅತಿ ಹೆಚ್ಚು ಉಷ್ಣಾಂಶ 39.2 ಡಿಗ್ರಿ, 2016ರ ಏಪ್ರಿಲ್ 24ರಂದು. ಆ ದಿನವನ್ನು ನಾವೆಲ್ಲ ಸೆಕೆಯ ದಾಖಲೆ ಎನ್ನುತ್ತೇವೆ. ದುಬೈಯಲ್ಲಿ ಅದು ಆಗಸ್ಟ್‌ನ ಒಂದು ಸಾಧಾರಣ ದಿನಕ್ಕಿಂತ ತಂಪು!

ಇನ್ನೊಂದು ಎಚ್ಚರಿಕೆ. ಸರಾಸರಿ ಎಂಬುದು ಭರವಸೆಯಲ್ಲ. 2024ರ ಏಪ್ರಿಲ್ 16ರಂದು ಅರಬ್ ಸಂಯುಕ್ತ ಸಂಸ್ಥಾನದಲ್ಲಿ 1949ರಲ್ಲಿ ದಾಖಲೆ ಶುರುವಾದಂದಿನಿಂದ ಕಾಣದಷ್ಟು ಮಳೆ ಸುರಿಯಿತು. ಅಲ್ ಐನ್ ಪ್ರದೇಶದ ಒಂದು ಕಡೆ 24 ಗಂಟೆಯೊಳಗೆ 250 ಮಿ.ಮೀ.ಗೂ ಹೆಚ್ಚು. ಅಂದರೆ ಎರಡು ವರ್ಷದ ಮಳೆ ಒಂದೇ ದಿನ. ದುಬೈ ವಿಮಾನ ನಿಲ್ದಾಣದ ರನ್‌ವೇ ಮೇಲೆ ನೀರು ನಿಂತು ನೂರಾರು ವಿಮಾನಗಳು ರದ್ದಾದವು. ಅಬ್ಬಾನ ಕಟ್ಟಡದ ಮುಂದೆ ಮೊಣಕಾಲಿನವರೆಗೆ ನೀರಿತ್ತು. ಸಂಖ್ಯಾಶಾಸ್ತ್ರದಲ್ಲಿ ನಾವು ಸರಾಸರಿಯ ಜತೆಗೆ ವಿಚಲನೆಯನ್ನೂ ಓದುವುದು ಇದಕ್ಕೇ.

ಬೆಲೆ ಏರುವುದೇಕೆ, ಇಳಿಯುವುದೇಕೆ?

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ಗೆ ಹೋಗಿ ಕನಕಾಂಬರದ ಬೆಲೆ ಕೇಳಿ. ಹಬ್ಬ ಮುಗಿದ ಮೂರನೇ ದಿನ ಅದೇ ಅಂಗಡಿಯಲ್ಲಿ ಮತ್ತೆ ಕೇಳಿ. ಬಕ್ರೀದ್‌ಗೆ ಹದಿನೈದು ದಿನ ಮುಂಚೆ ನಮ್ಮ ಚಾಮರಾಜಪೇಟೆಯಲ್ಲಿ ಕುರಿಯ ಬೆಲೆ ಕೇಳಿ, ಹಬ್ಬದ ಮುನ್ನಾ ಸಂಜೆ ಮತ್ತೆ ಕೇಳಿ. ಹೂವಿನ ಗಿಡ ರಾತ್ರೋರಾತ್ರಿ ಎರಡು ಪಟ್ಟು ಹೂ ಬಿಡುವುದಿಲ್ಲ. ಬೇಡಿಕೆ ಏರಿದಾಗ ಪೂರೈಕೆ ಕೂಡಲೇ ಏರದಿದ್ದರೆ ಬೆಲೆ ಏರುತ್ತದೆ. ವಿಮಾನದ ಸೀಟಿನದೂ ಇದೇ ಕತೆ.

ಸೀಟಿಗೆ ಇನ್ನೊಂದು ಗುಣವಿದೆ. ವಿಮಾನ ತುಂಬಿ ಹಾರಿದರೂ, ಅರ್ಧ ಖಾಲಿ ಹಾರಿದರೂ ಪೈಲಟ್ ಸಂಬಳ, ವಿಮಾನದ ಬಾಡಿಗೆ, ನಿಲ್ದಾಣದ ಶುಲ್ಕ ಹೆಚ್ಚುಕಡಿಮೆ ಅಷ್ಟೇ. ಇದು ಸ್ಥಿರ ವೆಚ್ಚ. ಒಬ್ಬ ಪ್ರಯಾಣಿಕ ಹೆಚ್ಚಾದರೆ ತಗಲುವ ಬದಲಾಗುವ ವೆಚ್ಚ ಬಹಳ ಕಡಿಮೆ. ಖಾಲಿ ಸೀಟನ್ನು ನಾಳೆಗೆ ಎತ್ತಿಡಲೂ ಆಗುವುದಿಲ್ಲ, ಅದು ಬಾಡಿದ ಹೂವಿನ ಹಾಗೆ. ಆದ್ದರಿಂದ ಬೇಡಿಕೆ ಇಲ್ಲದ ದಿನ ಕಂಪನಿ ಬೆಲೆ ಇಳಿಸಿಯಾದರೂ ಮಾರುತ್ತದೆ, ಬೇಡಿಕೆ ಇರುವ ದಿನ ಸಿಕ್ಕಷ್ಟು ಪಡೆಯುತ್ತದೆ.

ಊರಿಗೆ ಊರೇ ಈ ಲೆಕ್ಕ ಮಾಡುವುದೂ ಉಂಟು. ದುಬೈ ಶಾಪಿಂಗ್ ಫೆಸ್ಟಿವಲ್ 1996ರಲ್ಲಿ ಶುರುವಾಯಿತು. ಅದು ಚಳಿಗಾಲದ ಹಬ್ಬ. ಜನ ಹೇಗೂ ಬರುವ ಕಾಲದಲ್ಲಿ ಇನ್ನಷ್ಟು ಜನರನ್ನು ಸೆಳೆಯುವುದು ಅದರ ಉದ್ದೇಶ. ಎರಡು ವರ್ಷ ಬಿಟ್ಟು, 1998ರಲ್ಲಿ "ದುಬೈ ಸಮ್ಮರ್ ಸರ್‌ಪ್ರೈಸಸ್" ಎಂಬ ಬೇಸಿಗೆ ಮಾರಾಟ ಶುರು ಮಾಡಿದರು. ಯಾರೂ ಬರಲು ಬಯಸದ ತಿಂಗಳುಗಳಲ್ಲಿ ರಿಯಾಯಿತಿ ಕೊಟ್ಟು, ಎಸಿ ಮಾಲ್‌ಗಳ ಒಳಗೆ ಜನರನ್ನು ಕರೆತರುವ ಉಪಾಯ ಅದು. ಬಯಲಿನಲ್ಲಿ ನಡೆಯುವ ವ್ಯಾಪಾರಕ್ಕೆ ಈ ಉಪಾಯ ಸಾಧ್ಯವಿಲ್ಲ. ಗ್ಲೋಬಲ್ ವಿಲೇಜ್ ಮತ್ತು ಮಿರಾಕಲ್ ಗಾರ್ಡನ್ ಎರಡೂ ಬೇಸಿಗೆಯಲ್ಲಿ ಬಾಗಿಲು ಮುಚ್ಚಿ, ಅಕ್ಟೋಬರ್ ಹೊತ್ತಿಗೆ ಮತ್ತೆ ತೆರೆಯುತ್ತವೆ. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕ ಮಾಸದ ಕೊನೆಯ ಸೋಮವಾರಕ್ಕೇ ನಿಂತಿರುವ ಹಾಗೆ ಅವುಗಳ ವ್ಯಾಪಾರ ಹವೆಗೆ ಕಟ್ಟುಬಿದ್ದಿದೆ. ಬೇಸಿಗೆಯಲ್ಲಿ ಅಗ್ಗವೆಂದು ಹೋದವರಿಗೆ ಇವು ನೋಡಲು ಸಿಗುವುದಿಲ್ಲ. ಅಗ್ಗದ ಟಿಕೆಟ್‌ನಲ್ಲಿ ಸಿಗುವ ಸರಕೂ ಕಡಿಮೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ದಿಕ್ಕನ್ನೂ ನೋಡಬೇಕು

ಟ್ರಾವೆಲ್ಸ್ ಅಂಗಡಿಯಲ್ಲಿ ಕೂತು ಕೇಳಿದಾಗ ನನಗೆ ಹೊಸದಾಗಿ ತಿಳಿದ ವಿಷಯ ಇದು. ಒಂದೇ ವಾರದಲ್ಲಿ ಬೆಂಗಳೂರಿನಿಂದ ದುಬೈಗೆ ಒಂದು ಬೆಲೆ, ದುಬೈಯಿಂದ ಬೆಂಗಳೂರಿಗೆ ಇನ್ನೊಂದು ಬೆಲೆ ಇರಬಹುದು. ಜುಲೈ ಮೊದಲ ವಾರದಲ್ಲಿ ಅಲ್ಲಿನ ಶಾಲೆಗಳಿಗೆ ರಜೆ. ಅಲ್ಲಿ ನೆಲೆಸಿದ ಕುಟುಂಬಗಳು ಊರಿಗೆ ಹೊರಡುತ್ತವೆ, ಅಲ್ಲಿಂದ ಇಲ್ಲಿಗೆ ಟಿಕೆಟ್ ದುಬಾರಿ. ಆಗಸ್ಟ್ ಕೊನೆಗೆ ಎಲ್ಲರೂ ವಾಪಸ್, ಆಗ ಇಲ್ಲಿಂದ ಅಲ್ಲಿಗೆ ದುಬಾರಿ. ಈದ್‌ಗೆ ಮುಂಚೆ ಊರಿಗೆ ಬರುವವರ ನೂಕುನುಗ್ಗಲು, ಈದ್ ಆದಮೇಲೆ ಕೆಲಸಕ್ಕೆ ಮರಳುವವರದು. ಬೆಳಗ್ಗೆ ಮೆಜೆಸ್ಟಿಕ್ ಕಡೆಗೆ ಬರುವ ಬಸ್ಸು ತುಂಬಿರುತ್ತದೆ, ಅದೇ ಬಸ್ಸು ಹಿಂದಿರುಗುವಾಗ ಸೀಟು ಸಿಗುತ್ತದೆ. ಅದೇ ರೀತಿ ಇಲ್ಲೂ.

ಅಂದರೆ ಜನರ ಹರಿವಿಗೆ ಎದುರಾಗಿ ಹೋಗುವವರಿಗೆ ಸಾಮಾನ್ಯವಾಗಿ ಅನುಕೂಲ. ಈದ್‌ಗೆ ಒಂದು ವಾರ ಮುಂಚೆ ಇಲ್ಲಿಂದ ಹೊರಟು, ಈದ್ ಆಗಿ ಹತ್ತು ದಿನಕ್ಕೆ ಅಲ್ಲಿಂದ ಹೊರಡುವ ಕುಟುಂಬ ಎರಡೂ ಸಲ ಎದುರು ದಿಕ್ಕಿನಲ್ಲಿರುತ್ತದೆ. ಊರಿಗೆ ಬರುವವರು ಮತ್ತು ಊರಿನಿಂದ ಹೋಗುವವರು ಬೇರೆ ಬೇರೆ ಗಿರಾಕಿಗಳು ಎಂಬುದು ನೆನಪಿದ್ದರೆ ಸಾಕು.

ಹಣದ ಇನ್ನೊಂದು ಮುಖ ವಿನಿಮಯ ದರ. ದಿರ್ಹಮ್ 1997ರಿಂದ ಒಂದು ಡಾಲರಿಗೆ 3.6725 ಎಂದು ಸ್ಥಿರವಾಗಿದೆ. ಹಾಗಾಗಿ ಡಾಲರಿನ ಎದುರು ರೂಪಾಯಿ ಇಳಿದರೆ ದಿರ್ಹಮ್ ಎದುರೂ ಇಳಿಯುತ್ತದೆ. ಅಬ್ಬಾ ಕಳುಹಿಸುವ ಹಣಕ್ಕೆ ಇಲ್ಲಿ ಹೆಚ್ಚು ರೂಪಾಯಿ ಸಿಗುತ್ತದೆ, ಆದರೆ ನಮ್ಮ ರೂಪಾಯಿ ಅಲ್ಲಿ ಖರ್ಚಿಗೆ ಸಾಲದಾಗುತ್ತದೆ. "ಅಲ್ಲಿನ ಖರ್ಚು ನನ್ನ ಜೇಬಿನಿಂದ ಆಗಲಿ ಬಿಡು" ಎಂದರು ಅಬ್ಬಾ. ಅದೂ ಉಚಿತವಲ್ಲ. ಅಲ್ಲಿ ಖರ್ಚಾದ ಪ್ರತಿ ದಿರ್ಹಮ್ ಮನೆಗೆ ಬಾರದ ದಿರ್ಹಮ್. ಅವಕಾಶ ವೆಚ್ಚ ಎಂದರೆ ಇದೇ.

ಎರಡು ಕ್ಯಾಲೆಂಡರ್, ಒಂದು ಪ್ರಯಾಣ

ಗೋಡೆಯ ಕ್ಯಾಲೆಂಡರ್ ಸೂರ್ಯನದು. ನಮ್ಮ ಹಬ್ಬದ ಕ್ಯಾಲೆಂಡರ್ ಚಂದ್ರನದು. ಹಿಜರಿ ವರ್ಷದಲ್ಲಿ 354 ಅಥವಾ 355 ದಿನ. ಅದಕ್ಕೇ ರಂಜಾನ್ ಪ್ರತಿ ವರ್ಷ ಸುಮಾರು 10–11 ದಿನ ಮುಂಚೆ ಬರುತ್ತದೆ, ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2017ರಲ್ಲಿ ಅದು ಮೇ ಕೊನೆಗೆ ಶುರುವಾಗಿ ಜೂನ್‌ನ ಸೆಕೆಯಲ್ಲಿ ನಡೆಯಿತು. 2025ರಲ್ಲಿ ಮಾರ್ಚ್ 1ರ ಸುಮಾರಿಗೆ ಶುರುವಾಗಿ, ಚಂದ್ರದರ್ಶನ ನೋಡಿಕೊಂಡು ತಿಂಗಳ ಕೊನೆಗೆ ಈದ್. 2030ರಲ್ಲಿ ಒಂದೇ ವರ್ಷದಲ್ಲಿ ಎರಡು ಸಲ, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ ರಂಜಾನ್ ಶುರುವಾಗುತ್ತದೆ.

ಇದರಿಂದ ಅರಬ್ ತೀರದ "ಒಳ್ಳೆಯ ತಿಂಗಳು" ಪ್ರತಿ ವರ್ಷ ಒಂದೇ ಆಗಿರುವುದಿಲ್ಲ. ಹವೆ ಸೂರ್ಯನ ಮಾತು ಕೇಳುತ್ತದೆ, ಜನರ ದಿನಚರಿ ಚಂದ್ರನ ಮಾತು ಕೇಳುತ್ತದೆ. ರಂಜಾನ್‌ನಲ್ಲಿ ಅಲ್ಲಿ ಖಾಸಗಿ ಕಂಪನಿಗಳಲ್ಲೂ ಕೆಲಸದ ಅವಧಿ ದಿನಕ್ಕೆ ಎರಡು ಗಂಟೆ ಕಡಿಮೆ. ಊರು ಹಗಲು ನಿಧಾನ, ರಾತ್ರಿ ಚುರುಕು. ಬೀಚ್, ಮಾಲ್ ಎಂದು ಹಗಲೆಲ್ಲ ಸುತ್ತಬೇಕೆನ್ನುವವರಿಗೆ ಇದು ಅನನುಕೂಲ. ಇಫ್ತಾರ್ ಹೊತ್ತಿಗೆ ಮನೆಯವರು ಜತೆಗಿರಬೇಕೆನ್ನುವವರಿಗೆ ಇದೇ ಅನುಕೂಲ.

ಋತು ತಪ್ಪಿದರೆ ಏನಾಗುತ್ತದೆ ಎಂಬುದನ್ನು 2024ರ ಜೂನ್ ತೋರಿಸಿತು. ಹಜ್ ಸಮಯದಲ್ಲಿ ಮಕ್ಕಾದಲ್ಲಿ ಉಷ್ಣಾಂಶ 51 ಡಿಗ್ರಿ ದಾಟಿತು. 1,300ಕ್ಕೂ ಹೆಚ್ಚು ಯಾತ್ರಿಕರು ತೀರಿಕೊಂಡರೆಂದು ಸೌದಿ ಸರ್ಕಾರವೇ ತಿಳಿಸಿತು. ಹಜ್‌ನ ದಿನವನ್ನು ಯಾತ್ರಿಕರು ಆರಿಸಿಕೊಳ್ಳಲಾಗದು. ಬಂಧುಗಳನ್ನು ನೋಡಲು ಹೋಗುವ ನಾವು ಆರಿಸಿಕೊಳ್ಳಬಹುದು. ವಯಸ್ಸಾದವರು ಜತೆಗಿದ್ದರೆ ಆರಿಸಿಯೇ ಹೋಗಬೇಕು.

ಅಗ್ಗದ ತಿಂಗಳಿನ ಬೆಲೆ ಕೊಡುವವರು

ಆಗಸ್ಟ್ ಅಗ್ಗ ಎಂದು ಮೊದಲು ಹೇಳಿದವನು ನನ್ನ ತಮ್ಮ. ಮಾಲ್ ಒಳಗೆ ಎಸಿ ಇರುತ್ತದೆ, ಸೆಕೆಯ ಭಯವೇಕೆ ಎಂಬುದು ಅವನ ವಾದ. ಆ ಎಸಿ ತಾನಾಗಿ ನಡೆಯುವುದಿಲ್ಲ. ಅದನ್ನು ನಡೆಸುವವರಲ್ಲಿ ನಮ್ಮ ಅಬ್ಬಾ ಒಬ್ಬರು. ಎಸಿ ಯಂತ್ರದ ಹೊರಭಾಗ ಕಟ್ಟಡದ ಚಾವಣಿಯ ಮೇಲಿರುತ್ತದೆ. ಅದು ಕೆಡುವುದೂ ಸೆಕೆ ಹೆಚ್ಚಿದ ದಿನವೇ. ಪ್ರವಾಸಿಗರಿಗೆ ಹಂಗಾಮು ಇಲ್ಲದ ನಾಲ್ಕು ತಿಂಗಳು ಎಸಿ ಮೆಕ್ಯಾನಿಕ್‌ಗಳಿಗೆ ದೊಡ್ಡ ಹಂಗಾಮು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರಿಗೆ ರಜೆ ಸಿಗುವುದು ಅಪರೂಪ.

ಅಲ್ಲಿ ಒಂದು ಕಾನೂನಿದೆ. ಪ್ರತಿ ವರ್ಷ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ, ನೇರ ಬಿಸಿಲಿನಲ್ಲಿ ಬಯಲಿನ ಕೆಲಸ ಮಾಡಿಸುವಂತಿಲ್ಲ. ಕಾರ್ಮಿಕರಿಗೆ ನೆರಳು, ಕುಡಿಯುವ ನೀರು ಒದಗಿಸಬೇಕು. ತಪ್ಪಿದರೆ ಕಂಪನಿಗೆ ದಂಡ. ನೀರು, ವಿದ್ಯುತ್ ಪೂರೈಕೆಯ ತುರ್ತು ದುರಸ್ತಿಯಂಥ ಕೆಲವು ಕೆಲಸಗಳಿಗೆ ಮಾತ್ರ ವಿನಾಯಿತಿ. ಪ್ರವಾಸದ ಹಂಗಾಮು ಯಾವುದು ಎಂದು ತಿಳಿಯಲು ನೂರು ಜಾಹೀರಾತು ಓದುವುದಕ್ಕಿಂತ ಈ ಒಂದು ಕಾನೂನಿನ ತಾರೀಖು ನೋಡಿದರೆ ಸಾಕು. ಸರ್ಕಾರವೇ ಹೊರಗೆ ದುಡಿಯಬೇಡಿ ಎನ್ನುವ ಮೂರು ತಿಂಗಳಲ್ಲಿ ಎಪ್ಪತ್ತು ದಾಟಿದ ದಾದಿಮಾ ಅವರನ್ನು ಕರೆದುಕೊಂಡು ಹೋಗಿ ಏನು ತೋರಿಸುವುದು?

ಇದನ್ನು ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ನಾವು ಋತು ಆರಿಸುತ್ತೇವೆ. ಅಲ್ಲಿ ದುಡಿಯುವ ನಮ್ಮವರಿಗೆ ಆ ಆಯ್ಕೆ ಇಲ್ಲ, ಅವರು ಹನ್ನೆರಡೂ ತಿಂಗಳು ಅಲ್ಲೇ ಇರುತ್ತಾರೆ. "ಹೇಗಿದ್ದೀರಿ" ಎಂದು ಕೇಳಿದರೆ ಜುಲೈನಲ್ಲೂ "ಚೆನ್ನಾಗಿದ್ದೀನಿ" ಎನ್ನುತ್ತಾರೆ. ಮೇಲಿನ ಉಷ್ಣಾಂಶದ ಪಟ್ಟಿ ಮಾಡಿದ ಮೇಲೆ ಆ "ಚೆನ್ನಾಗಿದ್ದೀನಿ"ಯ ಅರ್ಥ ನನಗೆ ಬೇರೆಯಾಗಿ ಕೇಳಿಸುತ್ತಿದೆ.

ನಮ್ಮ ಮನೆಯ ಅಂಕಪಟ್ಟಿ

ತೀರ್ಮಾನಕ್ಕೆ ಒಂದು ಪಟ್ಟಿ ಮಾಡಿದೆ. ಪ್ರತಿ ಅಂಶಕ್ಕೆ 5 ಅಂಕ. ಅಂಕ ಕೊಟ್ಟವರು ನಮ್ಮ ಮನೆಯವರು, ನಿಮ್ಮ ಮನೆಯಲ್ಲಿ ಅದು ಬೇರೆಯಾಗಬಹುದು. ಮೊದಲು ಎರಡೇ ಅಂಶ ಹಿಡಿದೆವು: ಹವೆ ಮತ್ತು ಖರ್ಚು (ಅಗ್ಗವಾದಷ್ಟೂ ಹೆಚ್ಚು ಅಂಕ).

ಆಗಸ್ಟ್: ಹವೆ 1, ಖರ್ಚು 5, ಒಟ್ಟು 6
ಅಕ್ಟೋಬರ್ (ದಸರಾ ರಜೆ): ಹವೆ 3, ಖರ್ಚು 4, ಒಟ್ಟು 7
ನವೆಂಬರ್: ಹವೆ 5, ಖರ್ಚು 4, ಒಟ್ಟು 9
ಡಿಸೆಂಬರ್ ಕೊನೆಯ ವಾರ: ಹವೆ 5, ಖರ್ಚು 1, ಒಟ್ಟು 6
ಮಾರ್ಚ್ ಕೊನೆ: ಹವೆ 4, ಖರ್ಚು 3, ಒಟ್ಟು 7
ಮೇ: ಹವೆ 2, ಖರ್ಚು 3, ಒಟ್ಟು 5

ನವೆಂಬರ್ ಗೆದ್ದಿತು. ಪ್ರವಾಸಿಗರಿಗೆ ಇದು ಸರಿಯಾದ ಉತ್ತರವೇ. ಹೋಟೆಲ್ ಹಿಡಿದು, ಬೀಚ್ ನೋಡಿ ಬರುವವರಿಗೆ ನವೆಂಬರ್ ಮೊದಲ ವಾರಗಳನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ಪಟ್ಟಿ ನೋಡಿದ ದಾದಿಮಾ ಕೇಳಿದ್ದು ಒಂದೇ ಮಾತು: "ಮೇರೇಕೂ ಸಮಂದರ್ ನಕ್ಕೋ, ಬಚ್ಚೇಕೂ ದೇಖ್ನಾ ಹೈ." ನನಗೆ ಸಮುದ್ರ ಬೇಡ, ಮಗನನ್ನು ನೋಡಬೇಕು ಅಂತ. ಪಟ್ಟಿಯಲ್ಲಿ ಅಬ್ಬಾನ ಕಾಲಂ ಇರಲೇ ಇಲ್ಲ. ಹಾಗಾಗಿ ಇನ್ನೆರಡು ಅಂಶ ಸೇರಿಸಿದೆವು: ನಮ್ಮ ಕಾಲೇಜು-ಶಾಲೆಯ ರಜೆ, ಮತ್ತು ಅಬ್ಬಾಗೆ ನಮ್ಮ ಜತೆ ಕಳೆಯಲು ಸಿಗುವ ಹೊತ್ತು.

ಆಗಸ್ಟ್: 6 + ರಜೆ 1 + ಅಬ್ಬಾ 1 = 8
ಅಕ್ಟೋಬರ್: 7 + ರಜೆ 4 + ಅಬ್ಬಾ 2 = 13
ನವೆಂಬರ್: 9 + ರಜೆ 1 + ಅಬ್ಬಾ 3 = 13
ಡಿಸೆಂಬರ್ ಕೊನೆಯ ವಾರ: 6 + ರಜೆ 2 + ಅಬ್ಬಾ 3 = 11
ಮಾರ್ಚ್ ಕೊನೆ: 7 + ರಜೆ 4 + ಅಬ್ಬಾ 5 = 16
ಮೇ: 5 + ರಜೆ 5 + ಅಬ್ಬಾ 2 = 12

ನವೆಂಬರ್‌ನಲ್ಲಿ ತರಗತಿ ನಡೆಯುತ್ತಿರುತ್ತದೆ, ಹಾಜರಾತಿ 75 ಶೇಕಡಾ ಬೇಕು. ಮಾರ್ಚ್ ಮೂರನೇ ವಾರದ ಹೊತ್ತಿಗೆ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯುತ್ತದೆ. ತಮ್ಮನ ಪರೀಕ್ಷೆಯೂ ಮುಗಿದಿರುತ್ತದೆ. ಎಸಿ ಕೆಲಸದ ಒತ್ತಡ ಇನ್ನೂ ಶುರುವಾಗಿರುವುದಿಲ್ಲ. ರಂಜಾನ್ ಆದ್ದರಿಂದ ಅಬ್ಬಾ ಬೇಗ ಮನೆಗೆ ಬರುತ್ತಾರೆ, ಆಮೇಲೆ ಈದ್ ರಜೆ. ಶಾರ್ಜಾದಲ್ಲಿ ಚಾಚಾ ಅವರ ಮನೆಯಿದೆ, ಒಂದು ಕೋಣೆ ಬಿಟ್ಟುಕೊಡುತ್ತಾರೆ. ಹರಿವಿಗೆ ಎದುರು ದಿಕ್ಕಿನ ಟಿಕೆಟ್ ಆದ್ದರಿಂದ ಖರ್ಚಿನಲ್ಲಿ ಮಾರ್ಚ್ ಕೊನೆಗೆ 3 ಅಂಕ ಕೊಡಲು ಅಮ್ಮಿ ಒಪ್ಪಿದರು. ರಜೆಗೆ 5 ಕೊಡದಿರುವುದಕ್ಕೆ ಕಾರಣ, ಪರೀಕ್ಷೆಗೂ ಹೊರಡುವ ದಿನಕ್ಕೂ ನಡುವೆ ಬಿಡುವು ಕಡಿಮೆ. ಇನ್ಷಾ ಅಲ್ಲಾಹ್, ಹೊರಡುವುದು ಆಗಲೇ ಎಂದು ತೀರ್ಮಾನವಾಗಿದೆ.

ಗಮನಿಸಿ: ಎರಡು ಪಟ್ಟಿಗಳ ನಡುವೆ ಅರಬ್ ತೀರದ ಹವೆ ಒಂದು ಡಿಗ್ರಿಯೂ ಬದಲಾಗಲಿಲ್ಲ. ಬದಲಾದದ್ದು ನಾವು ಕೇಳಿದ ಪ್ರಶ್ನೆ. "ಒಳ್ಳೆಯ ಋತು" ಎಂಬುದು ಊರಿನ ಗುಣವಲ್ಲ. ಊರು, ಹೋಗುವವರು, ಹೋಗುವ ಉದ್ದೇಶ ಮೂರೂ ಸೇರಿ ಅದು ತೀರ್ಮಾನವಾಗುತ್ತದೆ. ಪಠ್ಯದ ಭಾಷೆಯಲ್ಲಿ ಹೇಳುವುದಾದರೆ, ಬೆಲೆ ಮಾರುಕಟ್ಟೆಯಲ್ಲಿ ನಿಗದಿಯಾಗುತ್ತದೆ, ತುಷ್ಟಿಗುಣ ಮನೆಯಲ್ಲಿ.

ನೆನಪಿನಲ್ಲಿಡಬೇಕಾದ ಅಂಶಗಳು

1. ನವೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ಹವೆ ಹಿತ. ಅದರಲ್ಲಿ ಡಿಸೆಂಬರ್ ಕೊನೆಯ ಎರಡು ವಾರ ಅತಿ ದುಬಾರಿ.
2. ಬರೀ ಹಗಲಿನ ಉಷ್ಣಾಂಶ ನೋಡಬೇಡಿ. ತೇವಾಂಶ, ರಾತ್ರಿಯ ಸೆಕೆ ನೋಡಿ.
3. ಹೊರಡುವ ವರ್ಷದಲ್ಲಿ ರಂಜಾನ್, ಈದ್ ಯಾವ ತಿಂಗಳಲ್ಲಿ ಬರುತ್ತವೆ ಎಂದು ಮೊದಲೇ ಗುರುತಿಸಿಕೊಳ್ಳಿ.
4. ಹೋಗುವ ಟಿಕೆಟ್, ಬರುವ ಟಿಕೆಟ್ ಎರಡರ ಬೆಲೆಯನ್ನೂ ಬೇರೆ ಬೇರೆಯಾಗಿ ಕೇಳಿ. ನಾಲ್ಕೈದು ದಿನ ಹಿಂದೆ ಮುಂದೆ ಮಾಡಿ ನೋಡಿ.
5. 2022ರಿಂದ ಅಲ್ಲಿ ಶನಿವಾರ, ಭಾನುವಾರ ವಾರದ ರಜೆ, ಸರ್ಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ. ಆದರೆ ಅನೇಕ ಕಾರ್ಮಿಕರಿಗೆ ವಾರಕ್ಕೆ ಒಂದೇ ರಜೆ. ನೋಡಲು ಹೋಗುವವರ ರಜೆ ಯಾವ ದಿನ ಎಂದು ಅವರನ್ನೇ ಕೇಳಿ.
6. ವಯಸ್ಸಾದವರ ಔಷಧಿಗೆ ವೈದ್ಯರ ಚೀಟಿ ಜತೆಗಿರಲಿ. ಇಲ್ಲಿ ಸಾಮಾನ್ಯವಾಗಿ ಸಿಗುವ ಕೆಲವು ಮಾತ್ರೆಗಳಿಗೆ ಅಲ್ಲಿ ನಿರ್ಬಂಧವಿದೆ.

ಅಭ್ಯಾಸ

1. ವಿಮಾನದ ಖಾಲಿ ಸೀಟು ಮತ್ತು ಕೆ.ಆರ್. ಮಾರ್ಕೆಟ್‌ನ ಹೂವು, ಇವೆರಡಕ್ಕೂ ಇರುವ ಹೋಲಿಕೆಯನ್ನು ಸ್ಥಿರ ವೆಚ್ಚ, ಬದಲಾಗುವ ವೆಚ್ಚಗಳ ಮೂಲಕ ವಿವರಿಸಿ.
2. ಡಾಲರಿನ ಎದುರು ರೂಪಾಯಿ ಮೌಲ್ಯ ಕುಸಿದರೆ (ಅ) ಕೊಲ್ಲಿಯಿಂದ ಹಣ ಪಡೆಯುವ ಕುಟುಂಬಕ್ಕೆ, (ಆ) ಕೊಲ್ಲಿಗೆ ಪ್ರವಾಸ ಹೋಗುವ ಕುಟುಂಬಕ್ಕೆ ಏನಾಗುತ್ತದೆ?
3. ಮೇಲಿನ ಪಟ್ಟಿಯಲ್ಲಿ ಹವೆಯ ಅಂಕವನ್ನು ಎರಡು ಪಟ್ಟು ಮಾಡಿ ಮತ್ತೆ ಕೂಡಿ. ಮೊದಲ ಸ್ಥಾನ ಬದಲಾಗುತ್ತದೆಯೇ? ಎರಡನೇ ಸ್ಥಾನ?
4. ನಿಮ್ಮ ಮನೆಯ ಯಾರಾದರೂ ದೂರದ ಊರಿನಲ್ಲಿ ದುಡಿಯುತ್ತಿದ್ದರೆ, ಅವರ ಕೆಲಸದ ಹಂಗಾಮು ಯಾವುದು, ಬಿಡುವಿನ ಹಂಗಾಮು ಯಾವುದು ಎಂದು ಫೋನಿನಲ್ಲಿ ಕೇಳಿ ಬರೆಯಿರಿ.